ಮಕ್ಕಳೊಡನೆ ನ್ಯೂಯಾರ್ಕಿನ ಹ್ಯಾಲೋವೀನ್ ವಾರ

ಶನಿವಾರ, ಅಕ್ಟೋಬರ್ 26

ಕ್ಯಾಲೆಂಡರಿನ ಪ್ರಕಾರ ಹ್ಯಾಲೋವೀನ್ ಎಂಬುದು ಮಕ್ಕಳು ವೇಷ ತೊಟ್ಟು ಮನೆಮನೆಗೆ ಹೋಗಿ ಮಿಠಾಯಿ ಪಡೆಯುವ, ಅಕ್ಟೋಬರ್ 31ರ ಒಂದು ಸಂಜೆಯ ದೆವ್ವದ ಹಬ್ಬವಷ್ಟೆ. ಆದರೆ ನ್ಯೂಯಾರ್ಕಿನಲ್ಲಿ ಮಕ್ಕಳಿರುವ ಮನೆಗಳಲ್ಲಿ ತಿಂಗಳ ಕೊನೆಯ ವಾರವೆಲ್ಲ ಅದರದೇ ಸಡಗರ. 2024ರಲ್ಲಿ ಆ ವಾರವನ್ನು ನಾನು ಮತ್ತು ನನ್ನ ಹೆಂಡತಿ ಕ್ವೀನ್ಸ್‌ನ ಜಾಕ್ಸನ್ ಹೈಟ್ಸ್‌ನಲ್ಲಿರುವ ಮಗನ ಮನೆಯಲ್ಲಿ ಕಳೆದೆವು. ಮೊಮ್ಮಗಳಿಗೆ ಒಂಬತ್ತು ವರ್ಷ, ಮೊಮ್ಮಗನಿಗೆ ಐದು. ದುಡ್ಡು ಕೊಟ್ಟು ಹೆದರಿಕೊಂಡು ಬರುವ ಭೂತದ ಮನೆಗಳು ಈ ಊರಿನಲ್ಲಿ ಬೇಕಾದಷ್ಟಿದ್ದರೂ, ಐದು ವರ್ಷದವನು ರಾತ್ರಿ ನೆಮ್ಮದಿಯಾಗಿ ಮಲಗಬೇಕು ಎಂಬ ಒಂದೇ ಷರತ್ತಿನ ಮೇಲೆ ಸೊಸೆ ಅವುಗಳನ್ನೆಲ್ಲ ಮೊದಲೇ ಪಟ್ಟಿಯಿಂದ ತೆಗೆದುಹಾಕಿದ್ದಳು.

ಮೊದಲ ದಿನದ ಪಯಣ ಊರಿನಿಂದ ಹೊರಕ್ಕೆ. ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದಿಂದ ಹೊರಡುವ ಹಡ್ಸನ್ ಮಾರ್ಗದ ರೈಲಿನಲ್ಲಿ ಎಡಗಡೆಯ ಕಿಟಕಿ ಹಿಡಿದು ಕುಳಿತರೆ ದಾರಿಯುದ್ದಕ್ಕೂ ನದಿ ಜೊತೆಗೇ ಬರುತ್ತದೆ. ಟ್ಯಾರಿಟೌನಿನಲ್ಲಿ ಇಳಿದರೆ ಪಕ್ಕದ ಊರೇ ಸ್ಲೀಪಿ ಹಾಲೋ. ವಾಷಿಂಗ್ಟನ್ ಇರ್ವಿಂಗ್ 1820ರಲ್ಲಿ ಪ್ರಕಟಿಸಿದ ಕಥೆಯಲ್ಲಿ ರುಂಡವಿಲ್ಲದ ಕುದುರೆ ಸವಾರ ಓಡಾಡುವುದು ಇಲ್ಲಿಯೇ. ಊರಿಗೆ ಈಗಿನ ಹೆಸರು ಅಧಿಕೃತವಾಗಿ ಬಂದದ್ದು ಮಾತ್ರ 1996ರಲ್ಲಿ. ಅಲ್ಲಿಯವರೆಗೆ ಅದು ನಾರ್ತ್ ಟ್ಯಾರಿಟೌನ್. ಅದೇ ವರ್ಷ ಅಲ್ಲಿನ ಜನರಲ್ ಮೋಟರ್ಸ್ ಕಾರು ಕಾರ್ಖಾನೆ ಬಾಗಿಲು ಮುಚ್ಚಿತು. ಕಾರ್ಖಾನೆ ಕೈಬಿಟ್ಟ ಊರನ್ನು ದೆವ್ವ ಕೈಹಿಡಿಯಿತು ಎಂದು ಮಗ ನಗುತ್ತ ಹೇಳಿದ. ಪ್ರೌಢಶಾಲೆಯ ಆಟಗಾರರ ತಂಡಕ್ಕೂ ಅಲ್ಲಿ ಕುದುರೆ ಸವಾರನ ಹೆಸರೇ ಇದೆ.

1685ರ ಸುಮಾರಿಗೆ ಕಟ್ಟಿದ ಹಳೆಯ ಡಚ್ ಚರ್ಚಿನ ಹಿಂದೆ ಗುಡ್ಡದ ಇಳಿಜಾರಿನಲ್ಲಿ ವಿಶಾಲವಾದ ಸ್ಮಶಾನವಿದೆ. ಇರ್ವಿಂಗ್‌ನ ಸಮಾಧಿಯೂ ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿಯ ಸಮಾಧಿಯೂ ಅಲ್ಲಿಯೇ ಇವೆ. ಸ್ಮಶಾನಕ್ಕೆ ಮಕ್ಕಳನ್ನು ಕರೆದೊಯ್ಯುವುದೇ ಎಂದು ನನ್ನ ಹೆಂಡತಿ ಗೇಟಿನಲ್ಲಿ ಒಂದು ಕ್ಷಣ ತಡೆದಳು. ಒಳಗೆ ತಳ್ಳುಗಾಡಿಯಲ್ಲಿ ಕೂಸುಗಳನ್ನು ಕೂರಿಸಿಕೊಂಡು ಬಂದ ತಾಯಂದಿರನ್ನು, ಕೆಂಪು ಹಳದಿಯಾಗಿ ಉದುರಿದ್ದ ಮೇಪಲ್ ಎಲೆಗಳನ್ನು ಆರಿಸುತ್ತಿದ್ದ ಹುಡುಗರನ್ನು ಕಂಡ ಮೇಲೆ ತಾನೇ ಮುಂದಾಗಿ ನಡೆದಳು. ಹಗಲಿನಲ್ಲಿ ಅದು ಉದ್ಯಾನವೇ ಸರಿ.

ಕತ್ತಲಾಗುವ ಹೊತ್ತಿಗೆ ಅದೇ ರೈಲುಮಾರ್ಗದಲ್ಲಿ ಇನ್ನಷ್ಟು ಉತ್ತರಕ್ಕಿರುವ ಕ್ರೋಟನ್-ಆನ್-ಹಡ್ಸನ್‌ಗೆ ಹೋದೆವು. ಅಲ್ಲಿ ವ್ಯಾನ್ ಕೋರ್ಟ್‌ಲ್ಯಾಂಡ್ ಮೇನರ್ ಎಂಬ ಹಳೆಯ ಜಮೀನುದಾರರ ಮನೆಯ ಅಂಗಳದಲ್ಲಿ 2005ರಿಂದ ಪ್ರತಿ ಶರತ್ಕಾಲದಲ್ಲಿ ಕೈಯಿಂದ ಕೆತ್ತಿದ 7,000ಕ್ಕೂ ಹೆಚ್ಚು ಕುಂಬಳಕಾಯಿಗಳಿಗೆ ದೀಪವಿಟ್ಟು ಪ್ರದರ್ಶಿಸುತ್ತಾರೆ. ಒಂದೊಂದೇ ಮುಖವಾಗಿ ಅಲ್ಲ, ಹಲವನ್ನು ಜೋಡಿಸಿ ದೊಡ್ಡ ದೊಡ್ಡ ಆಕೃತಿಗಳನ್ನೇ ನಿಲ್ಲಿಸಿರುತ್ತಾರೆ. ಗಂಟೆ ನಮೂದಿಸಿದ ಟಿಕೆಟ್ಟನ್ನು ಮುಂಚಿತವಾಗಿ ಕೊಳ್ಳಬೇಕು. ವಾರಾಂತ್ಯದ ಟಿಕೆಟ್ ಅಗ್ಗವಲ್ಲ, ಬೇಗ ಮುಗಿದೂ ಹೋಗುತ್ತದೆ. ನೋಡಲು ಸೊಗಸು, ಸಂಶಯವಿಲ್ಲ. ಆದರೆ ಅಲ್ಲಿ ಮಕ್ಕಳಿಗೆ ನೋಡುತ್ತ ನಡೆಯುವುದರ ಹೊರತು ಬೇರೆ ಕೆಲಸವಿಲ್ಲದ್ದರಿಂದ ಚಿಕ್ಕವನು ಅರ್ಧ ದಾರಿಯಲ್ಲಿಯೇ ಅಪ್ಪನ ಹೆಗಲೇರಿ ಆಕಳಿಸತೊಡಗಿದ.

ಭಾನುವಾರ, ಅಕ್ಟೋಬರ್ 27

ಬ್ರಾಂಕ್ಸ್ ಮೃಗಾಲಯಕ್ಕೆ ಹೋದ ದಿನ. 7ನೇ ನಂಬರಿನ ಸಬ್‌ವೇಯಲ್ಲಿ ಗ್ರ್ಯಾಂಡ್ ಸೆಂಟ್ರಲ್, ಅಲ್ಲಿಂದ 5ನೇ ನಂಬರಿನಲ್ಲಿ ಈಸ್ಟ್ ಟ್ರೆಮಾಂಟ್. ಆಗ ತಲೆಗೆ 2.90 ಡಾಲರ್ ಇತ್ತು, 44 ಇಂಚಿಗಿಂತ ಗಿಡ್ಡನೆಯ ಮಕ್ಕಳಿಗೆ ದುಡ್ಡಿಲ್ಲ ಎಂಬ ನಿಯಮ ಇರುವುದರಿಂದ ಮೊಮ್ಮಗ ಪುಕ್ಕಟೆಯಾಗಿ ಬಂದ. ಆ ಅಳತೆ ದಾಟಲು ಅವನಿಗೆ ಇನ್ನು ಒಂದೆರಡು ಬೆರಳಷ್ಟೇ ಬಾಕಿಯಿದೆ.

1899ರಲ್ಲಿ ಆರಂಭವಾದ ಈ ಮೃಗಾಲಯದ ವಿಸ್ತಾರ 265 ಎಕರೆ. ಹ್ಯಾಲೋವೀನ್ ಕಾಲದ ವಾರಾಂತ್ಯಗಳಲ್ಲಿ ಇಲ್ಲಿ ಮಕ್ಕಳು ವೇಷ ತೊಟ್ಟು ಬರುತ್ತಾರೆ. ಕುಂಬಳಕಾಯಿ ಕೆತ್ತುವವರು ಎಲ್ಲರೆದುರಿಗೇ ಕುಳಿತು ಕೆತ್ತುತ್ತಾರೆ. ಮಿಠಾಯಿ ಕೊಡುವ ಕಟ್ಟೆಗಳಿರುತ್ತವೆ. ಇವೆಲ್ಲ ಎಲ್ಲ ಕಡೆಯೂ ಇರುವಂಥವೇ. ಬೇರೆಲ್ಲೂ ಕಾಣದಿದ್ದದ್ದು ಅಳಿದುಹೋದ ಪ್ರಾಣಿಗಳ ಸ್ಮಶಾನ. ಹುಲ್ಲಿನ ಮೇಲೆ ಸಾಲಾಗಿ ಸಮಾಧಿಯ ಕಲ್ಲುಗಳಂಥ ಫಲಕಗಳನ್ನು ನೆಟ್ಟು, ಭೂಮಿಯಿಂದ ಮರೆಯಾದ ಒಂದೊಂದು ಪ್ರಾಣಿಯನ್ನು ಅಲ್ಲಿ ನೆನೆದಿದ್ದಾರೆ. ದೆವ್ವದ ಹಬ್ಬವನ್ನು ಮೃಗಾಲಯವೊಂದು ತನ್ನ ಕೆಲಸಕ್ಕೆ ಹೊಂದುವಂತೆ ತಿರುಗಿಸಿಕೊಂಡ ಬಗೆ ನನಗೆ ಬಹಳ ಹಿಡಿಸಿತು. ಹಿಂದೊಮ್ಮೆ ಉತ್ತರ ಅಮೆರಿಕದ ಆಕಾಶವನ್ನೇ ಮುಚ್ಚುವಷ್ಟಿದ್ದ ಪ್ಯಾಸೆಂಜರ್ ಪಾರಿವಾಳದ ಸಂತತಿಯಲ್ಲಿ ಕೊನೆಯದು 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು ಎಂಬುದನ್ನು ಮಕ್ಕಳಿಗೆ ಹೇಳಿದೆ.

“ತಾತ, ಇವೆಲ್ಲ ವಾಪಸ್ ಯಾವಾಗ ಬರ್ತವೆ?” ಎಂದು ಚಿಕ್ಕವನು ಕೇಳಿದ.

“ಬರಲ್ಲ ಕಣೋ, ಅದಕ್ಕೇ ಕಲ್ಲು ಹಾಕಿರೋದು” ಎಂದು ಅಕ್ಕ ಉತ್ತರ ಕೊಟ್ಟಳು.

ವಾಪಸ್ ಬಂದ ಪ್ರಾಣಿಯೂ ಅಲ್ಲಿಯೇ ಇತ್ತು. ಬೈಸನ್ ಸಂತತಿ ಅಳಿವಿನಂಚಿಗೆ ಬಂದಿದ್ದಾಗ, 1907ರಲ್ಲಿ, ಇದೇ ಮೃಗಾಲಯದಿಂದ 15 ಬೈಸನ್‌ಗಳನ್ನು ರೈಲಿನಲ್ಲಿ ಓಕ್ಲಹಾಮಾದ ಹುಲ್ಲುಗಾವಲಿಗೆ ಕಳುಹಿಸಿ ಅಲ್ಲಿ ಹಿಂಡನ್ನು ಬೆಳೆಸಿದರು. ಮೃಗಾಲಯದ ಬೈಸನ್ ಬಯಲಿನ ಬೇಲಿಯ ಬಳಿ ನಾವು ಬಹಳ ಹೊತ್ತು ನಿಂತೆವು. ಮಿಠಾಯಿಯ ಕಟ್ಟೆ ಮುಚ್ಚಿಬಿಡುತ್ತದೆ ಎಂದು ಮಕ್ಕಳು ಎಳೆದಾಡಿದ ಮೇಲೆಯೇ ಹೊರಟದ್ದು.

ಸೋಮವಾರ, ಅಕ್ಟೋಬರ್ 28

ಮಕ್ಕಳು ಶಾಲೆಗೆ ಹೋದರು. ನಾವಿಬ್ಬರೂ ಮ್ಯಾನ್‌ಹಟನ್ನಿನ ಯೂನಿಯನ್ ಸ್ಕ್ವೇರ್ ರೈತರ ಸಂತೆಗೆ ಹೋದೆವು. 1976ರಲ್ಲಿ ಶುರುವಾದ ಈ ಸಂತೆ ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ ನೆರೆಯುತ್ತದೆ. ಕೆತ್ತುವ ಕುಂಬಳಕಾಯಿ ಬೇರೆ, ತಿನ್ನುವ ಕುಂಬಳಕಾಯಿ ಬೇರೆ ಎಂಬುದು ತಿಳಿದದ್ದು ಅಲ್ಲಿ. ಕೆತ್ತಲು ಬಳಸುವುದು ದೊಡ್ಡದಾಗಿದ್ದು ತಿರುಳು ತೆಳ್ಳಗೆ, ನೀರುನೀರಾಗಿರುತ್ತದೆ. ಅಡುಗೆಗೆ ಬರುವುದು ಚಿಕ್ಕದು, ಗಟ್ಟಿಯಾದದ್ದು, ಸಿಹಿಯಾದದ್ದು. ನನ್ನ ಹೆಂಡತಿ ಎರಡನ್ನೂ ಉಗುರಿನಿಂದ ತಟ್ಟಿ ನೋಡಿ, ದೊಡ್ಡದನ್ನು ನನ್ನ ಕೈಗೆ ಕೊಟ್ಟು, ಚಿಕ್ಕದನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

ಐರ್ಲೆಂಡಿನಲ್ಲಿ ಈ ಹಬ್ಬಕ್ಕೆ ಟರ್ನಿಪ್ ಗೆಡ್ಡೆಯನ್ನು ಕೊರೆದು ದೀಪವಿಡುತ್ತಿದ್ದರು. ಸಂತರ ದಿನವಾದ ನವೆಂಬರ್ 1ರ ಹಿಂದಿನ ಸಂಜೆಗೆ ಸೇರಿಕೊಂಡಿದ್ದ ಆ ಆಚರಣೆಯನ್ನು ವಲಸೆ ಬಂದ ಐರಿಷ್ ಜನ ತಮ್ಮೊಂದಿಗೆ ತಂದರು. ಅಮೆರಿಕದ ನೆಲದ್ದೇ ಆದ, ಕೊರೆಯಲು ಸುಲಭವಾದ ಕುಂಬಳಕಾಯಿ ಇಲ್ಲಿ ಟರ್ನಿಪ್ಪಿನ ಜಾಗ ಹಿಡಿಯಿತು.

ಸಂಜೆ ಮನೆಗೆ ಮರಳಿದಾಗ ನಮ್ಮ ಕಟ್ಟಡದ ಲಾಬಿಯಲ್ಲಿ, ಅಂಚೆ ಪೆಟ್ಟಿಗೆಗಳ ಪಕ್ಕದಲ್ಲಿ, ಒಂದು ಹಾಳೆ ಅಂಟಿಸಿದ್ದರು. ಹಬ್ಬದ ದಿನ ಮಕ್ಕಳು ಬಾಗಿಲು ತಟ್ಟಿದರೆ ಅಡ್ಡಿಯಿಲ್ಲ ಎನ್ನುವ ಮನೆಯವರು ಅದರಲ್ಲಿ ತಮ್ಮ ಫ್ಲ್ಯಾಟಿನ ನಂಬರು ಬರೆಯಬೇಕು. ಎತ್ತರದ ಕಟ್ಟಡಗಳ ಈ ಊರಿನಲ್ಲಿ ಮನೆಮನೆ ತಿರುಗುವ ಹಬ್ಬ ಹೇಗೆ ನಡೆದೀತು ಎಂದು ಮೈಸೂರಿನಿಂದ ಹೊರಡುವಾಗಲೇ ಕುತೂಹಲವಿತ್ತು. ಅದಕ್ಕೆ ಉತ್ತರ ಈ ಒಂದು ಹಾಳೆ. ಹೆಸರು ಬರೆಯದವರ ಬಾಗಿಲಿಗೆ ಯಾರೂ ಹೋಗುವುದಿಲ್ಲ, ಬರೆದವರ ಮನೆಗೆ ಅಪರಿಚಿತರ ಮಕ್ಕಳೂ ಬರುತ್ತಾರೆ. ಕೆಲವರು ನಂಬರಿನ ಪಕ್ಕದಲ್ಲಿ “ಕಡಲೆಕಾಯಿ ಇಲ್ಲ”, “ನಾಯಿ ಇದೆ, ಕಚ್ಚುವುದಿಲ್ಲ” ಎಂದೂ ಬರೆದಿದ್ದರು. ಸೊಸೆ ನಮ್ಮ ನಂಬರನ್ನೂ ಸೇರಿಸಿದಳು.

ಮಂಗಳವಾರ, ಅಕ್ಟೋಬರ್ 29

ಕುಂಬಳಕಾಯಿಯನ್ನು ಹಬ್ಬಕ್ಕೆ ಬಹಳ ಮೊದಲೇ ಕೆತ್ತಿದರೆ ಅದು ಕುಸಿದು ಬೂಷ್ಟು ಹಿಡಿಯುತ್ತದೆ. ಒಂದೆರಡು ದಿನ ಮುಂಚೆ ಕೆತ್ತುವುದು ವಾಸಿ. ತೊಟ್ಟಿನ ಸುತ್ತ ಚಾಕುವನ್ನು ನೆಟ್ಟಗೆ ಇಳಿಸದೆ ಒಳಕ್ಕೆ ಓರೆಯಾಗಿ ಹಿಡಿದು ಮುಚ್ಚಳ ಕತ್ತರಿಸಬೇಕು, ಇಲ್ಲದಿದ್ದರೆ ಮುಚ್ಚಳ ಒಳಗೆ ಬೀಳುತ್ತದೆ ಎಂದು ಮೊಮ್ಮಗಳು ನನಗೆ ಪಾಠ ಹೇಳಿದಳು. ಚಾಕು ಹಿಡಿಯುವ ಕೆಲಸ ದೊಡ್ಡವರದು. ಒಳಗಿನ ನಾರು, ಬೀಜ ಬಗೆದು ತೆಗೆಯುವುದು ಮಕ್ಕಳದು. ಮೊಣಕೈಯವರೆಗೆ ಕಿತ್ತಳೆ ಬಣ್ಣದ ಲೋಳೆ ಮೆತ್ತಿಕೊಂಡ ಚಿಕ್ಕವನು ಅದರ ವಾಸನೆಗೆ ಮೂಗು ಮುರಿದನೇ ಹೊರತು ಕೈ ಮಾತ್ರ ಹೊರತೆಗೆಯಲಿಲ್ಲ. ಕಣ್ಣು, ಮೂಗು, ಎರಡು ಹಲ್ಲಿನ ಬಾಯಿ ಕೊರೆದು ಒಳಗೆ ಮೇಣದ ಬತ್ತಿಯ ಬದಲು ಬ್ಯಾಟರಿಯ ಪುಟ್ಟ ದೀಪ ಇಟ್ಟೆವು. ಬೆಂಗಳೂರಿನಲ್ಲಿ ಕಟ್ಟುತ್ತಿರುವ ಮನೆಗಳ ಮುಂದೆ ರಾಕ್ಷಸನ ಮುಖ ಬರೆದು ತೂಗುಹಾಕುವ ದೃಷ್ಟಿಕುಂಬಳಕ್ಕೆ ಇದು ದೂರದ ಬಂಧುವಿನಂತೆ ಕಂಡಿತು. ಬೀಜಗಳನ್ನು ತೊಳೆದು, ಉಪ್ಪು ಖಾರ ಹಾಕಿ ಓವನ್ನಿನಲ್ಲಿ ಹುರಿದದ್ದಾಯಿತು. ಚಿಕ್ಕ ಕುಂಬಳಕಾಯಿ ರಾತ್ರಿಯ ಊಟಕ್ಕೆ ಪಲ್ಯವಾಯಿತು.

ವೇಷಗಳ ಸಿದ್ಧತೆಯೂ ಅಂದೇ. ಮೊಮ್ಮಗಳು ಗಗನಯಾತ್ರಿ, ಅದಕ್ಕೆ ಕೊಂಡ ಬಟ್ಟೆ ಇತ್ತು. ಮೊಮ್ಮಗನಿಗೆ ಕಸದ ಲಾರಿಯೇ ಆಗಬೇಕಿತ್ತು, ಏಕೆಂದರೆ ನಸುಕಿನಲ್ಲಿ ಬೀದಿಗೆ ಬರುವ ಬಿಳಿಯ ಲಾರಿಗಿಂತ ದೊಡ್ಡ ವೀರ ಅವನ ಪಾಲಿಗೆ ಬೇರೆ ಇಲ್ಲ. ಮಗ ರಟ್ಟಿನ ಪೆಟ್ಟಿಗೆಯ ತಳ ಕತ್ತರಿಸಿ, ಬಿಳಿ ಬಣ್ಣ ಬಳಿದು, ಕಾಗದದ ತಟ್ಟೆಗಳನ್ನು ಚಕ್ರಗಳಾಗಿ ಅಂಟಿಸಿ, ಹೆಗಲಿಗೆ ಹಾಕಿಕೊಳ್ಳಲು ಎರಡು ಪಟ್ಟಿ ಕಟ್ಟಿದ. ಹಿಂಭಾಗದಲ್ಲಿ ತೆರೆದು ಮುಚ್ಚುವ ಬಾಗಿಲೂ ಇರಬೇಕೆಂದು ಹಟ ಹಿಡಿದದ್ದರಿಂದ ಮಲಗುವಾಗ ಹನ್ನೊಂದು ಗಂಟೆ ದಾಟಿತ್ತು.

ಬುಧವಾರ, ಅಕ್ಟೋಬರ್ 30

ಶಾಲೆ ಬಿಟ್ಟ ಮೇಲೆ ಮ್ಯಾನ್‌ಹಟನ್ನಿನ ಅಪ್ಪರ್ ಈಸ್ಟ್ ಸೈಡಿಗೆ ಹೋದೆವು. ಪೂರ್ವ ಎಪ್ಪತ್ತರ ಸಂಖ್ಯೆಯ ಬೀದಿಗಳಲ್ಲಿ, ಫಿಫ್ತ್ ಅವೆನ್ಯೂದಿಂದ ಒಳಕ್ಕೆ, ಸಾಲು ಮನೆಗಳ ಶ್ರೀಮಂತರು ತಮ್ಮ ಮೆಟ್ಟಿಲು, ಕಟಕಟೆ, ಕಿಟಕಿಗಳನ್ನೆಲ್ಲ ಅಲಂಕರಿಸುತ್ತಾರೆ. ಟಿಕೆಟ್ಟಿಲ್ಲ, ಸಾಲಿಲ್ಲ, ನಡೆಯುತ್ತ ಹೋದರೆ ಆಯಿತು. ಒಂದು ಮನೆಯ ಗೋಡೆಯನ್ನು ಅಸ್ಥಿಪಂಜರಗಳ ದಂಡೇ ಏರುತ್ತಿತ್ತು. ಇನ್ನೊಂದರ ಎದುರು ಅಸ್ಥಿಪಂಜರದ ನಾಯಿಗಳನ್ನು ಹಿಡಿದ ಅಸ್ಥಿಪಂಜರ ವಾಯುವಿಹಾರಕ್ಕೆ ಹೊರಟಿತ್ತು. ಹೋಮ್ ಡಿಪೋ ಕಂಪನಿ 2020ರಲ್ಲಿ ಮಾರಾಟಕ್ಕೆ ತಂದ 12 ಅಡಿಯ ಅಸ್ಥಿಪಂಜರ ದೇಶದಲ್ಲೆಲ್ಲ ಪ್ರಸಿದ್ಧ. ಅದರ ಪಕ್ಕದಲ್ಲಿ ನಿಂತ ಮೊಮ್ಮಗನ ತಲೆ ಅದರ ಮೊಣಕಾಲಿನ ಮಟ್ಟಕ್ಕೆ ಬಂತು. ಬೆಳಕಿರುವಾಗಲೇ ಹೋದದ್ದು ಒಳ್ಳೆಯದಾಯಿತು, ಹಗಲಿನಲ್ಲಿ ತಂತಿ, ತಿರುಪುಗಳೆಲ್ಲ ಕಾಣುವುದರಿಂದ ಚಿಕ್ಕವರಿಗೆ ಭಯಕ್ಕಿಂತ ಕುತೂಹಲವೇ ಹೆಚ್ಚು.

ಒಂದು ಮನೆಯ ಮೆಟ್ಟಿಲ ಮೇಲೆ ಹಸಿರು ಬೆರೆತ ನೀಲಿ ಬಣ್ಣದ ಕುಂಬಳಕಾಯಿ ಇತ್ತು. ಆಹಾರದ ಅಲರ್ಜಿಯಿರುವ ಮಕ್ಕಳಿಗೆ ಇಲ್ಲಿ ತಿನಿಸಿನ ಬದಲು ಪೆನ್ಸಿಲ್, ಆಟಿಕೆಯಂಥ ವಸ್ತು ಸಿಗುತ್ತದೆ ಎಂಬುದಕ್ಕೆ ಅದು ಗುರುತು. 2014ರಿಂದ ದೇಶದಾದ್ಯಂತ ಹರಡಿದ ಪದ್ಧತಿಯಂತೆ.

ಆ ರಾತ್ರಿ ಬ್ರಾಂಕ್ಸ್‌ನಲ್ಲಿ ಯಾಂಕೀಸ್ ತಂಡ ಲಾಸ್ ಏಂಜಲೀಸಿನ ಡಾಡ್ಜರ್ಸ್‌ಗೆ ಸೋತು ಬೇಸ್‌ಬಾಲ್ ವರ್ಲ್ಡ್ ಸೀರೀಸ್ ಕಳೆದುಕೊಂಡಿತು. ಮರುದಿನ ಯಾಂಕೀಸ್ ಅಂಗಿಯನ್ನೇ ವೇಷವಾಗಿ ಹಾಕಿಕೊಂಡ ಹುಡುಗರು ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು ಪ್ರೇತಗಳಾದರು.

ಗುರುವಾರ, ಅಕ್ಟೋಬರ್ 31

ಆ ವರ್ಷದ ವಿಶೇಷವೆಂದರೆ ನ್ಯೂಯಾರ್ಕಿನ ಹೊತ್ತಿಗೆ ಲೆಕ್ಕ ಹಾಕಿದಾಗ ನರಕ ಚತುರ್ದಶಿಯ ಸ್ನಾನ ಅಂದಿನ ನಸುಕಿಗೂ ಅಮಾವಾಸ್ಯೆಯ ಲಕ್ಷ್ಮೀಪೂಜೆ ಅಂದಿನ ಸಂಜೆಗೂ ಬಂದಿದ್ದವು. ಹೀಗಾಗಿ ಮಕ್ಕಳನ್ನು ಐದೂವರೆಗೇ ಎಬ್ಬಿಸಿ, ಅಜ್ಜಿ ಅವರಿಗೆ ಎಣ್ಣೆ ಹಚ್ಚಿ, ಸೀಗೆಪುಡಿ ಹಾಕಿ ಎರೆದಳು. ಸೀಗೆಯ ಘಮದ ಗಗನಯಾತ್ರಿಯೂ ಕಸದ ಲಾರಿಯೂ ಎಂಟು ಗಂಟೆಗೆ ಶಾಲೆಗೆ ಹೊರಟವು.

ಆ ಅಕ್ಟೋಬರಿನಲ್ಲಿ ಸೆಂಟ್ರಲ್ ಪಾರ್ಕಿನ ಮಾಪಕದಲ್ಲಿ ಇಡೀ ತಿಂಗಳಿಗೆ 0.01 ಇಂಚು ಮಳೆ ಮಾತ್ರ ದಾಖಲಾಯಿತು. 1869ರಿಂದ ಇಟ್ಟ ಲೆಕ್ಕದಲ್ಲಿ ಅಷ್ಟು ಒಣಗಿದ ತಿಂಗಳು ಇನ್ನೊಂದಿಲ್ಲ. ಹಬ್ಬದ ಸಂಜೆಯೂ ಬೇಸಿಗೆಯಂತೆ ಸೆಕೆಯಿತ್ತು. ಸಾಮಾನ್ಯವಾಗಿ ವೇಷದ ಮೇಲೆ ದಪ್ಪ ಕೋಟು ಹಾಕಿಕೊಂಡು ತಿರುಗಬೇಕಾದ ಮಕ್ಕಳು ಈ ಸಲ ವೇಷವನ್ನು ಪೂರ್ತಿಯಾಗಿ ತೋರಿಸಿದರು.

ಜಾಕ್ಸನ್ ಹೈಟ್ಸ್‌ನ 37ನೇ ಅವೆನ್ಯೂದಲ್ಲಿ ಮಕ್ಕಳದೇ ಮೆರವಣಿಗೆ ನಡೆಯುತ್ತದೆ. ಸಂಜೆ ಐದರ ಹೊತ್ತಿಗೆ ವಾಹನಗಳನ್ನು ತಡೆದು ರಸ್ತೆಯನ್ನು ಮಕ್ಕಳಿಗೆ ಬಿಟ್ಟುಕೊಡುತ್ತಾರೆ. ಹೆಸರು ನೋಂದಾಯಿಸುವ ಗೋಜಿಲ್ಲ, ವೇಷ ತೊಟ್ಟು ಬಂದು ಸೇರಿಕೊಂಡರೆ ಸಾಕು. ಸ್ಪ್ಯಾನಿಷ್, ಬಂಗಾಳಿ, ನೇಪಾಳಿ, ಟಿಬೆಟನ್, ಪಂಜಾಬಿ ಮಾತುಗಳ ನಡುವೆ ಶಾಲಾ ವಾದ್ಯವೃಂದದ ಡೋಲು. ಸೀರೆಯುಟ್ಟ ಅಜ್ಜಿಯರೂ ತಲೆಗೆ ಬೆಕ್ಕಿನ ಕಿವಿ ಸಿಕ್ಕಿಸಿಕೊಂಡಿದ್ದರು. ನಿಜವಾದ ಕಸದ ಲಾರಿಯ ಕೆಲಸಗಾರರೊಬ್ಬರು ಅಂಗಡಿಯ ಬಳಿ ನಿಂತಿದ್ದವರು ಮೊಮ್ಮಗನನ್ನು ಕಂಡೊಡನೆ ತಮ್ಮ ಕೈಯಲ್ಲಿದ್ದ ಖಾಲಿ ಕಾಫಿ ಲೋಟವನ್ನು ಅವನ ಹಿಂಬಾಗಿಲಿಗೆ ಹಾಕಿ ಸಲಾಂ ಹೊಡೆದರು. ಮುಂದೆ ಯಾರು ಏನು ಮಿಠಾಯಿ ಕೊಟ್ಟರೂ ಅದು ಕೈಚೀಲಕ್ಕೆ ಹೋಯಿತು. ಲಾರಿಯಲ್ಲಿ ಕಸ ಮಾತ್ರ ಇರಬೇಕೆಂದು ಅವನು ಬಿಗಿಯಾಗಿ ನಡೆದುಕೊಂಡ.

ಕತ್ತಲಾಗುವ ಹೊತ್ತಿಗೆ ಮನೆಗೆ ಬಂದು, ಪೂಜೆ ಮುಗಿಸಿ, ಬಾಗಿಲ ಹೊರಗೆ ಒಂದು ಕಡೆ ಕೆತ್ತಿದ ಕುಂಬಳಕಾಯಿಯನ್ನೂ ಇನ್ನೊಂದು ಕಡೆ ಹಣತೆಗಳನ್ನೂ ಇಟ್ಟೆವು. ಹಣತೆಗಳು ನೆಲದಲ್ಲಿದ್ದರೆ ಮಕ್ಕಳ ಉದ್ದ ನಿಲುವಂಗಿಗಳಿಗೆ ಬೆಂಕಿ ತಗುಲೀತೆಂದು ಸೊಸೆ ಅವುಗಳನ್ನು ಸ್ಟೂಲಿನ ಮೇಲಕ್ಕೆ ಎತ್ತಿಟ್ಟಳು. ನನ್ನ ಹೆಂಡತಿಗೆ ಬಂದ ಮಕ್ಕಳಿಗೆಲ್ಲ ಚಕ್ಕುಲಿ ಕೊಡುವ ಆಸೆ. ಕಾರ್ಖಾನೆಯ ಹೊದಿಕೆಯಿಲ್ಲದ ತಿಂಡಿಯನ್ನು ಇಲ್ಲಿ ತಂದೆತಾಯಂದಿರು ಮಕ್ಕಳಿಗೆ ತಿನ್ನಗೊಡುವುದಿಲ್ಲ ಎಂದು ಸೊಸೆ ತಿಳಿಸಿ ಹೇಳಿದ್ದರಿಂದ ಮಕ್ಕಳ ಬಟ್ಟಲಿಗೆ ಚಾಕೊಲೇಟೂ, ಅವರ ಹಿಂದೆ ನಿಂತ ದೊಡ್ಡವರಿಗೆ ತಟ್ಟೆಯಲ್ಲಿ ಚಕ್ಕುಲಿಯೂ ಆಯಿತು. ತಟ್ಟೆ ಎರಡು ಸಲ ತುಂಬಿಸಬೇಕಾಯಿತು.

ನಮ್ಮ ಮಕ್ಕಳೊಡನೆ ನಾನು ಹೊರಟೆ. ಕ್ರಮ ಬಹಳ ಸರಳವಾದದ್ದು: ಲಿಫ್ಟಿನಲ್ಲಿ ನೇರವಾಗಿ ಆರನೆಯ ಮಹಡಿಗೆ ಹೋಗಿ, ಲಾಬಿಯ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಒಂದೊಂದೇ ಮಹಡಿ ಮೆಟ್ಟಿಲಿಳಿಯುತ್ತ ಬರುವುದು. “ಟ್ರಿಕ್ ಆರ್ ಟ್ರೀಟ್” ಎಂದು ಕೂಗುವುದು, ಒಂದನ್ನು ಮಾತ್ರ ತೆಗೆದುಕೊಳ್ಳುವುದು, ಥ್ಯಾಂಕ್ಸ್ ಹೇಳುವುದು. ನಾಲ್ಕನೆಯ ಮಹಡಿಯಲ್ಲಿ ಒಂಟಿಯಾಗಿರುವ ವೃದ್ಧೆಯೊಬ್ಬರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಮಾಟಗಾತಿಯ ಟೋಪಿ ತೊಟ್ಟು ಕಾಯುತ್ತಿದ್ದರು. ಪ್ರತಿಯೊಂದು ಮಗುವಿನ ವೇಷ ಯಾವುದೆಂದು ಕೇಳಿ, ಒಂದು ಪುಸ್ತಕದಲ್ಲಿ ಬರೆದುಕೊಂಡರು. ಹಿಂದಿನ ವರ್ಷಗಳ ಪುಟಗಳೂ ಅದರಲ್ಲಿದ್ದವು. ಮೊಮ್ಮಗಳು ನಾಲ್ಕು ವರ್ಷದವಳಿದ್ದಾಗ ಜೇನುಹುಳುವಾಗಿ ಬಂದಿದ್ದಳೆಂದು ತೆಗೆದು ತೋರಿಸಿದರು. ಹಡ್ಸನ್ ದಂಡೆಯ ಸಾವಿರಾರು ದೀಪಗಳಿಗಿಂತ ಈ ಮೆಟ್ಟಿಲುಗಳ ಹಬ್ಬವೇ ನನಗೆ ಮೇಲು ಎನಿಸಿತು. ಇಲ್ಲಿ ಮಕ್ಕಳು ನೋಡುವವರಲ್ಲ, ಹಬ್ಬ ನಡೆಸುವವರು.

ಮರಳಿ ಬಂದ ಮೇಲೆ ಸೊಸೆ ಚೀಲಗಳನ್ನು ಚಾಪೆಯ ಮೇಲೆ ಸುರಿದು ವಿಂಗಡಿಸಿದಳು. ಸಸ್ಯಾಹಾರಿಗಳ ಮನೆಯಲ್ಲಿ ಈ ಕೆಲಸ ತಪ್ಪಿದ್ದಲ್ಲ: ಮಾರ್ಷ್‌ಮೆಲೋ, ಕ್ಯಾಂಡಿ ಕಾರ್ನ್, ಇಲ್ಲಿಯ ಸ್ಟಾರ್‌ಬರ್ಸ್ಟ್ ಇವುಗಳಲ್ಲಿ ಪ್ರಾಣಿಗಳ ಎಲುಬು, ಚರ್ಮದಿಂದ ತೆಗೆಯುವ ಜೆಲಟಿನ್ ಇರುತ್ತದೆ. ಅವೆಲ್ಲ ಪಕ್ಕದ ಮನೆಯ ಹುಡುಗನ ಚಾಕೊಲೇಟುಗಳೊಡನೆ ಅದಲುಬದಲಾದವು. ಆ ಚೌಕಾಸಿಯನ್ನು ಮೊಮ್ಮಗಳೇ ನಡೆಸಿದಳು, ಲಾಭವೂ ಅವಳಿಗೇ.

ಚಿಕ್ಕವನು ಮಲಗಿದ ಮೇಲೆ ಮಗ, ಮೊಮ್ಮಗಳು, ನಾನು ಸಬ್‌ವೇ ಹಿಡಿದು ಗ್ರೀನ್‌ವಿಚ್ ವಿಲೇಜಿಗೆ ಹೋದೆವು. ಸಿಕ್ಸ್ತ್ ಅವೆನ್ಯೂದ ಪ್ರಖ್ಯಾತ ಮೆರವಣಿಗೆ ಸಂಜೆ ಏಳಕ್ಕೆ ಹೊರಟು ತಡರಾತ್ರಿಯವರೆಗೆ ನಡೆಯುತ್ತದೆ. ಬೊಂಬೆ ಮತ್ತು ಮುಖವಾಡಗಳ ಕಲಾವಿದ ರಾಲ್ಫ್ ಲೀ 1974ರಲ್ಲಿ ನೆರೆಹೊರೆಯ ಮಕ್ಕಳಿಗಾಗಿ ಆರಂಭಿಸಿದ ನಡಿಗೆಯೇ ಬೆಳೆದು ಹೀಗಾಯಿತು. 2001ರಲ್ಲಿ, ಅವಳಿ ಗೋಪುರಗಳು ಉರುಳಿದ ಕೆಲವೇ ವಾರಗಳಲ್ಲಿಯೂ ಅದು ನಡೆಯಿತು. ನಿಂತದ್ದು 2012ರಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ, ಮತ್ತೆ 2020ರಲ್ಲಿ ಕೋವಿಡ್ ಬಂದಾಗ. ಕೋಲುಗಳ ಮೇಲೆ ಎತ್ತಿ ಹಿಡಿದ ಬೃಹತ್ ಅಸ್ಥಿಪಂಜರದ ಬೊಂಬೆಗಳು ಜನರ ತಲೆಯ ಮೇಲೆ ಬಾಗಿ, ಎದ್ದು, ಕುಣಿಯುತ್ತವೆ. ಮೊಮ್ಮಗಳು ಅಪ್ಪನ ಹೆಗಲ ಮೇಲಿಂದ ನೋಡಿದಳು. ನನಗೆ ಕಂಡದ್ದು ಹೆಚ್ಚಾಗಿ ಮುಂದಿನವರ ರೆಕ್ಕೆಗಳು. ಜನಜಂಗುಳಿ ವಿಪರೀತ, ಕೆಲವು ವೇಷಗಳೂ ದೊಡ್ಡವರಿಗೇ ತಕ್ಕವು. ಎಂಟು ವರ್ಷಕ್ಕಿಂತ ಚಿಕ್ಕವರನ್ನು ಇಲ್ಲಿಗೆ ಕರೆತರುವ ಸಲಹೆಯನ್ನು ನಾನು ಕೊಡಲಾರೆ.

ಶುಕ್ರವಾರ, ನವೆಂಬರ್ 1

ದೀಪಾವಳಿಗೆ ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಿಗೆ ರಜೆ ಕೊಡುವ ಕಾನೂನಿಗೆ ಸಹಿ ಬಿದ್ದದ್ದು 2023ರ ನವೆಂಬರಿನಲ್ಲಿ. ಅದರಂತೆ ಮಕ್ಕಳು ಮೊದಲ ಬಾರಿಗೆ ದೀಪಾವಳಿಗೆಂದೇ ಮನೆಯಲ್ಲುಳಿದ ದಿನ ಇದು. ರಾತ್ರಿ ತಡವಾಗಿ ಮಲಗಿದ್ದವರಿಗೆ ರಜೆ ಎರಡು ಹಬ್ಬಗಳಿಗೂ ಒದಗಿತು. ಮಧ್ಯಾಹ್ನ ಫ್ಲಶಿಂಗಿನ ಬೌನ್ ಸ್ಟ್ರೀಟಿನಲ್ಲಿ 1977ರಲ್ಲಿ ಪ್ರತಿಷ್ಠೆಯಾದ ಗಣೇಶ ದೇವಸ್ಥಾನಕ್ಕೆ ಹೋಗಿ, ಅದರ ಕ್ಯಾಂಟೀನಿನಲ್ಲಿ ದೋಸೆ ತಿಂದೆವು. ರಾಜ್ಯೋತ್ಸವದ ದಿನವಾದ್ದರಿಂದ ನಾನು ಕೆಂಪು ಹಳದಿಯ ಶಾಲು ಹೊದ್ದಿದ್ದೆ, ಸಾಲಿನಲ್ಲಿ ಹಿಂದೆ ನಿಂತಿದ್ದ ದಂಪತಿ ಅದನ್ನು ಕಂಡು “ಯಾವ ಊರು ಸಾರ್ ನಿಮ್ದು?” ಎಂದು ಮಾತಿಗಿಳಿದರು. ಅವರ ಮಗಳು ಇನ್ನೂ ಹಿಂದಿನ ದಿನದ ಡ್ರ್ಯಾಗನ್ ವೇಷದಲ್ಲಿಯೇ ಇದ್ದಳು.

ಶನಿವಾರ, ನವೆಂಬರ್ 2

ಹಬ್ಬ ಮುಗಿದ ಮೇಲೆ ಇಷ್ಟು ದೊಡ್ಡ ಊರಿನ ಕುಂಬಳಕಾಯಿಗಳೆಲ್ಲ ಏನಾಗುತ್ತವೆ? ನಗರದ ಹಲವು ಸಮುದಾಯ ತೋಟಗಳಲ್ಲಿ ಅವನ್ನು ಒಡೆಯುವ ಕಾರ್ಯಕ್ರಮವೇ ಇರುತ್ತದೆ. ಮಕ್ಕಳು ಸಾಲಾಗಿ ನಿಂತು ತಮ್ಮ ಕುಂಬಳಕಾಯಿಯನ್ನು ಮರದ ಸುತ್ತಿಗೆಯಿಂದ ಹೊಡೆದು ಚೂರು ಮಾಡುತ್ತಾರೆ. ಚೂರುಗಳು ಗೊಬ್ಬರದ ಗುಂಡಿಗೆ ಹೋಗುತ್ತವೆ. ಮನೆಯಲ್ಲಿಯೇ ವಿಲೇವಾರಿ ಮಾಡುವವರು ಹಸಿಕಸದ ಕಂದು ಡಬ್ಬಿಗೆ ಹಾಕಬಹುದು, ಏಕೆಂದರೆ 2024ರ ಅಕ್ಟೋಬರ್ 6ರಿಂದ ಬರೋ ಎಂದು ಕರೆಯುವ ನಗರದ ಐದೂ ವಿಭಾಗಗಳಲ್ಲಿ ಮನೆಗಳ ಹಸಿಕಸವನ್ನು ಪ್ರತ್ಯೇಕವಾಗಿ ಒಯ್ಯುತ್ತಿದ್ದಾರೆ. ಬ್ಯಾಟರಿ ದೀಪವನ್ನೂ ಮೇಣವನ್ನೂ ಮೊದಲು ತೆಗೆಯಬೇಕು. ಬಣ್ಣ, ಮಿನುಗುಪುಡಿ ಹಚ್ಚಿದ್ದನ್ನು ಹಾಕುವಂತಿಲ್ಲ.

ನಮ್ಮದು ತೋಟಕ್ಕೆ ಹೋಯಿತು. ಮೊಮ್ಮಗ ರಟ್ಟಿನ ಲಾರಿಯನ್ನು ಮತ್ತೆ ಹೆಗಲಿಗೇರಿಸಿ, ಆಗಲೇ ಬಾಯಿ ಕುಸಿದು ಬೊಚ್ಚಾಗಿದ್ದ ಕುಂಬಳಕಾಯಿಯನ್ನು ಹಿಂಬಾಗಿಲಿನಿಂದ ತುಂಬಿಸಿಕೊಂಡು ಹೊರಟ. ಭಾರಕ್ಕೆ ತಳ ಕಿತ್ತುಬಾರದಿರಲೆಂದು ಮಗ ಕೆಳಗಿನಿಂದ ಕೈಕೊಟ್ಟು ನಡೆದ. ಮೊದಲ ಏಟಿಗೆ ಸುತ್ತಿಗೆ ಜಾರಿತು, ಎರಡನೆಯದಕ್ಕೆ ಸಿಪ್ಪೆ ಸೀಳಿತು. ಆಮೇಲೆ ಅವನನ್ನು ತಡೆಯುವುದೇ ಕಷ್ಟವಾಗಿ, ಒಡೆಯಲು ಮನಸ್ಸಾಗದೆ ಕುಂಬಳಕಾಯಿಯನ್ನು ಹಾಗೆಯೇ ಬಿಟ್ಟುಹೋದವರ ಪಾಲನ್ನೂ ಅವನೇ ಒಡೆದು ಮುಗಿಸಿದ.